ಅಂಕಸಮುದ್ರದ ನಡುಗಡ್ಡೆ ಹಕ್ಕಿಗಳು

ನಡುಗಡ್ಡೆ ಹಕ್ಕಿಗಳು ಎಂದರೆ ನಾಲ್ಕೂ ಕಡೆ ನೀರು ಸುತ್ತುವರಿದ ನೆಲದ ಮೇಲೆ ಅಥವಾ ನೀರಿನಲ್ಲಿ ನಿಂತ ಮರಗಳ ಗುಂಪಿನ ಮೇಲೆ ಗೂಡು ಕಟ್ಟಿ, ಆ ನೀರಿನ ಕಾವಲಿಗೆ ಹೊಂದುವಂತೆ ಬದುಕಿನ ಕ್ರಮವನ್ನು ರೂಢಿಸಿಕೊಂಡ ಹಕ್ಕಿಗಳು. ವಿಜಯನಗರ ಜಿಲ್ಲೆಯಲ್ಲಿ ಇಂಥ ಹಕ್ಕಿಗಳ ಮುಖ್ಯ ನೆಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ. 98.76 ಹೆಕ್ಟೇರ್ (244.04 ಎಕರೆ) ವಿಸ್ತಾರದ ಈ ಕೆರೆಯನ್ನು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2024ರ ಜನವರಿಯಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ ಪಡೆಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ ಅಥವಾ ರಾತ್ರಿ ತಂಗುತ್ತವೆ.

ಪದಬಳಕೆ

ಈ ಲೇಖನದಲ್ಲಿ ನಾಲ್ಕು ಪದಗಳನ್ನು ನಿಶ್ಚಿತ ಅರ್ಥದಲ್ಲಿ ಬಳಸಿದೆ. ನೀರಿನ ನಡುವೆ ಎದ್ದುನಿಂತ ನೆಲ ನಡುಗಡ್ಡೆ. ಕೆರೆಯ ಅಂಗಳದಲ್ಲಿ ಬೆಳೆದು, ಕೆರೆ ತುಂಬಿದಾಗ ಬುಡ ಮುಳುಗಿ ನೆತ್ತಿ ಮಾತ್ರ ಮೇಲೆ ಉಳಿಯುವ ಮರಗಳ ಗುಂಪು ಮರದ್ವೀಪ. ಒಂದೇ ಅಥವಾ ಹಲವು ಪ್ರಭೇದದ ಹಕ್ಕಿಗಳು ಒತ್ತೊತ್ತಾಗಿ ಗೂಡು ಕಟ್ಟುವ ತಾಣ ಗೂಡುನೆಲೆ. ಮರಿ ಮಾಡುವ ಉದ್ದೇಶವಿಲ್ಲದೆ ಇರುಳು ಕಳೆಯಲು ಹಕ್ಕಿಗಳು ಸೇರುವ ತಾಣ ರಾತ್ರಿನೆಲೆ. ಅಂಕಸಮುದ್ರದ ಮರದ್ವೀಪಗಳು ಗೂಡುನೆಲೆಯೂ ಹೌದು, ರಾತ್ರಿನೆಲೆಯೂ ಹೌದು.

ಪ್ರದೇಶ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿವೆ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಈ ಐದೂ ತಾಲ್ಲೂಕುಗಳು ಹೊಸ ಜಿಲ್ಲೆಗೆ ಬಂದವು. ಕೂಡ್ಲಿಗಿಯ ಕಡೆ ಬಂಡೆಗುಡ್ಡಗಳೂ ಕುರುಚಲು ಕಾಡೂ ಹೆಚ್ಚು. ಗುಡೇಕೋಟೆಯ ಕರಡಿ ಧಾಮ ಇರುವುದು ಈ ತಾಲ್ಲೂಕಿನಲ್ಲಿ. ಹಡಗಲಿಯ ಅಂಚಿನಲ್ಲಿ ತುಂಗಭದ್ರಾ ನದಿ ಹರಿಯುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಚಿಕ್ಕಹಗರಿ ನದಿ, ಅದಕ್ಕೆ ಕಟ್ಟಿದ ಮಾಲವಿ ಜಲಾಶಯ ಮತ್ತು ತುಂಗಭದ್ರಾ ಜಲಾಶಯದ ಹಿನ್ನೀರು ಇವೆ. ಜೋಳ, ಮೆಕ್ಕೆಜೋಳ, ಶೇಂಗಾ ಮತ್ತು ಈರುಳ್ಳಿ ಈ ಸೀಮೆಯ ಮುಖ್ಯ ಬೆಳೆಗಳು. ನೀರಾವರಿ ಇರುವಲ್ಲಿ ಭತ್ತವನ್ನೂ ಬೆಳೆಯುತ್ತಾರೆ.

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಪೂರ್ಣಗೊಂಡಿತು. ಜಲಾಶಯ ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಮೊದಲು 133 ಟಿಎಂಸಿ ಅಡಿ ಇದ್ದ ಇದರ ಸಂಗ್ರಹ ಸಾಮರ್ಥ್ಯ ಹೂಳು ತುಂಬಿ 105.788 ಟಿಎಂಸಿ ಅಡಿಗೆ ಇಳಿದಿದೆ. ನೀರು ಹಿಂದೆ ಸರಿದಾಗ ಹೂಳು ನಿಂತ ಕಡೆ ಕೆಸರುಬಯಲುಗಳೂ ದಿಬ್ಬಗಳೂ ಮೇಲೇಳುತ್ತವೆ. ಕೆಸರಿನಲ್ಲಿ ಮೇಯುವ ಹಕ್ಕಿಗಳಿಗೆ ಇವೇ ಮೇವಿನ ತಾಣ. ಹೀಗೆ ಗೂಡಿಗೆ ಕೆರೆಯ ಮರ, ಮೇವಿಗೆ ಹಿನ್ನೀರು ಮತ್ತು ಗದ್ದೆ ಎಂಬ ಏರ್ಪಾಡು ಹಕ್ಕಿಗಳ ದಿನನಿತ್ಯದ ಹಾರಾಟದ ದೂರದಲ್ಲೇ ಒದಗಿದೆ.

ಉಗಮ

ಅಂಕಸಮುದ್ರ ನಿಸರ್ಗ ನಿರ್ಮಿತ ಸರೋವರವಲ್ಲ. ಶತಮಾನಗಳ ಹಿಂದೆ ಊರಿನ ಹೊಲಗಳಿಗೆ ನೀರುಣಿಸಲು ಕಟ್ಟಿದ ಕೆರೆ. ಏರಿ ಕಟ್ಟಿ ಮಳೆನೀರನ್ನು ತಡೆದು, ತೂಬಿನಿಂದ ಕೆಳಗಿನ ಜಮೀನಿಗೆ ಹರಿಸುವ ವ್ಯವಸ್ಥೆ ಈ ಸೀಮೆಯ ಹಳ್ಳಿಹಳ್ಳಿಯಲ್ಲೂ ಇದೆ. ಅಂಕಸಮುದ್ರವನ್ನು ಬೇರೆ ಕೆರೆಗಳಿಂದ ಪ್ರತ್ಯೇಕಿಸಿದ್ದು ಅದರ ಅಂಗಳದ ಕರಿಜಾಲಿ ಮರಗಳು. ಸಾಮಾಜಿಕ ಅರಣ್ಯ ಯೋಜನೆಯಡಿ ಕೆರೆಯಂಗಳದಲ್ಲಿ ನೆಟ್ಟ ಕರಿಜಾಲಿ ಸಸಿಗಳು ಬೆಳೆದು ಮರಗಳಾದವು. ಕೆರೆಗೆ ನೀರು ಬಂದಾಗ ಆ ನೆಡುತೋಪು ಮರದ್ವೀಪಗಳ ಸಮೂಹವಾಯಿತು. ಸೌದೆ ಮತ್ತು ಮೇವಿಗೆ ಒದಗಬೇಕಿದ್ದ ಮರಗಳು ಕೊಕ್ಕರೆ, ಕೆಂಬರಲು ಮತ್ತು ನೀರುಕಾಗೆಗಳ ಗೂಡಿಗೆ ಆಧಾರವಾದವು.

ರಚನೆ

ಮರದ್ವೀಪದ ಮೂರು ಅಂಶಗಳು ಗೂಡುನೆಲೆಗೆ ಮುಖ್ಯ.

ಮೊದಲನೆಯದು ನೀರು. ನರಿ, ಕಾಡುಬೆಕ್ಕು, ಮುಂಗುಸಿ ಮತ್ತು ನಾಯಿಗಳು ಮರದ ಬುಡಕ್ಕೆ ಬರದಂತೆ ಅದು ತಡೆಯುತ್ತದೆ. ಆಕಾಶದಿಂದ ಎರಗುವ ಗರುಡ, ಜೌಗು ಸೆಳೆವ ಮತ್ತು ಕಾಗೆಗಳನ್ನು ಅದು ತಡೆಯಲಾರದು. ಈಜಬಲ್ಲ ಹಾವುಗಳನ್ನೂ ಪೂರ್ತಿ ತಡೆಯಲಾರದು.

ಎರಡನೆಯದು ಮರ. ಕರಿಜಾಲಿ ನೀರು ನಿಂತ ನೆಲವನ್ನು ಬಹುಕಾಲ ತಾಳಿಕೊಳ್ಳುತ್ತದೆ. ಅದರ ಕವಲುಗಳು ಅಗಲವಾಗಿ ಹರಡಿ ಕಡ್ಡಿಗೂಡು ಜಾರದಂತೆ ಹಿಡಿಯುತ್ತವೆ; ಉದ್ದನೆಯ ಬಿಳಿ ಮುಳ್ಳುಗಳು ಹತ್ತಿಬರುವ ಪ್ರಾಣಿಗಳಿಗೆ ಅಡ್ಡಿಯಾಗುತ್ತವೆ.

ಮೂರನೆಯದು ಅಂತಸ್ತು. ಮಿಶ್ರ ಗೂಡುನೆಲೆಗಳಲ್ಲಿ ಸಾಮಾನ್ಯವಾಗಿ ದೊಡ್ಡ ಕೊಕ್ಕರೆಗಳು ನೆತ್ತಿಯನ್ನು ಹಿಡಿಯುತ್ತವೆ. ಅವುಗಳ ಕೆಳಗೆ ಕೆಂಬರಲು ಮತ್ತು ಬೆಳ್ಳಕ್ಕಿ, ಇನ್ನೂ ಕೆಳಗೆ ಅಥವಾ ಒಳಗವಲುಗಳಲ್ಲಿ ಪುಟ್ಟ ನೀರುಕಾಗೆ ಮತ್ತು ಇರುಳ ಬಕ ನೆಲೆಸುತ್ತವೆ. ಮೈಭಾರ, ರೆಕ್ಕೆಯ ಅಗಲ ಮತ್ತು ಇಳಿಯಲು ಬೇಕಾದ ತೆರವು ಈ ಹಂಚಿಕೆಯನ್ನು ನಿರ್ಧರಿಸುತ್ತವೆ. ಆದ್ದರಿಂದ ಒಂದೇ ಮರದಲ್ಲಿ ಹಲವು ಪ್ರಭೇದಗಳು ಒಟ್ಟಿಗೆ ಇರಬಲ್ಲವು.

ಕೆರೆಯ ಒಟ್ಟು ಜೀವಸಂಪತ್ತು ಸಮೃದ್ಧವಾಗಿದೆ. ರಾಮ್ಸಾರ್ ಘೋಷಣೆಯ ವಿವರದಂತೆ ಇಲ್ಲಿ 210ಕ್ಕೂ ಹೆಚ್ಚು ಸಸ್ಯ, 240 ಪಕ್ಷಿ, 41 ಮೀನು, 25 ಸರೀಸೃಪ, 8 ಸಸ್ತನಿ, 3 ಕಪ್ಪೆ, 27 ಚಿಟ್ಟೆ ಮತ್ತು 32 ಕೊಡತಿಹುಳು ಪ್ರಭೇದಗಳಿವೆ.

ನಡುಗಡ್ಡೆ ನೆಲೆಗಳ ಬಗೆಗಳು

ಕರ್ನಾಟಕದ ನಡುಗಡ್ಡೆ ಗೂಡುನೆಲೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಸಮುದ್ರದ ನಡುಗಡ್ಡೆ: ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ಇದಕ್ಕೆ ಉದಾಹರಣೆ. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತದೆ.

ನದಿಯ ನಡುಗಡ್ಡೆ: ಕಾವೇರಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ತುಂಗಾ ನದಿಯ ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಮತ್ತು ಹಾವಕ್ಕಿಗಳು ಗೂಡು ಕಟ್ಟುತ್ತವೆ.

ಜಲಾಶಯದ ನಡುಗಡ್ಡೆ: ನೀರು ಇಳಿದಾಗ ಮಾತ್ರ ಕಾಣುವ ದಿಬ್ಬಗಳು. ಭದ್ರಾ ಜಲಾಶಯದ ದಿಬ್ಬಗಳಲ್ಲಿ ನದಿ ರೀವಗಳು (ಟರ್ನ್) ಬೇಸಿಗೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವೆ. ತುಂಗಭದ್ರಾ ಹಿನ್ನೀರಿನ ದಿಬ್ಬಗಳೂ ಇದೇ ಬಗೆಯವು.

ಕೆರೆಯ ಮರದ್ವೀಪ: ಅಂಕಸಮುದ್ರ ಇದರ ಮಾದರಿ. ಇಲ್ಲಿ ನೆಲ ಮೇಲೆದ್ದಿಲ್ಲ, ಮರ ಮಾತ್ರ ಮೇಲಿದೆ. ಕೆರೆ ಬತ್ತಿದರೆ ದ್ವೀಪವೂ ಇಲ್ಲವಾಗುತ್ತದೆ. ಜಲಾಶಯದ ದಿಬ್ಬದಂತೆ ಇದೂ ಅಸ್ಥಿರ ನೆಲೆ.

ಮುಖ್ಯ ಹಕ್ಕಿಗಳು

ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲು ಅಂಕಸಮುದ್ರದ ಗುರುತಿನ ಹಕ್ಕಿಗಳು. ಇವೆರಡರಲ್ಲಿ ಪ್ರತಿಯೊಂದರ ಒಟ್ಟು ಪ್ರಾದೇಶಿಕ ಸಂಖ್ಯೆಯಲ್ಲಿ ಶೇಕಡಾ 1ಕ್ಕೂ ಹೆಚ್ಚು ಪಾಲು ಈ ಒಂದೇ ಕೆರೆಯಲ್ಲಿದೆ. ಬಾಯ್ಕಳಕ ಕೊಕ್ಕರೆ, ಪುಟ್ಟ ನೀರುಕಾಗೆ, ಹಾವಕ್ಕಿ, ಬೂದು ಬಕ, ಇರುಳ ಬಕ, ಬೆಳ್ಳಕ್ಕಿ ಮತ್ತು ಗೋವಕ್ಕಿಗಳು ಜೊತೆಗಿವೆ. ಚಳಿಗಾಲದಲ್ಲಿ ಹಿನ್ನೀರಿಗೆ ಟಿಬೆಟ್ ಮತ್ತು ಮಂಗೋಲಿಯಾ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ರಾಜಹಂಸಗಳೂ ಕಾಣಿಸುತ್ತವೆ. ಗುಲಾಬಿ ಕಬ್ಬಕ್ಕಿಗಳು ಜೋಳ ತೆನೆಗಟ್ಟುವ ಹೊತ್ತಿಗೆ ಬಯಲುಸೀಮೆಗೆ ಹಿಂಡುಹಿಂಡಾಗಿ ಬಂದಿಳಿಯುತ್ತವೆ.

ವರ್ತನೆ

ಗುಂಪುಗೂಡು. ಬಣ್ಣದ ಕೊಕ್ಕರೆಗಳು ಕೊಕ್ಕು ತಾಗುವಷ್ಟು ಹತ್ತಿರದಲ್ಲಿ ಗೂಡು ಕಟ್ಟುತ್ತವೆ. ಎರಡು ಗೂಡುಗಳ ಅಂತರವನ್ನು ಕೂತಲ್ಲಿಂದಲೇ ಚಾಚಿದ ಕತ್ತು ಅಳೆದು ನಿಗದಿಮಾಡುತ್ತದೆ. ಸಾಮಾನ್ಯವಾಗಿ ಗಂಡು ಕಡ್ಡಿ ತರುತ್ತದೆ, ಹೆಣ್ಣು ಜೋಡಿಸುತ್ತದೆ. ಕಾವಲಿಲ್ಲದ ಗೂಡಿನಿಂದ ನೆರೆಯ ಹಕ್ಕಿ ಕಡ್ಡಿ ಕದಿಯುವುದು ವಾಡಿಕೆ. ಆದ್ದರಿಂದ ಜೋಡಿಯಲ್ಲಿ ಒಂದು ಗೂಡಿನಲ್ಲೇ ಉಳಿಯುತ್ತದೆ. ಬೆಳೆದ ಬಣ್ಣದ ಕೊಕ್ಕರೆಗೆ ಕೂಗುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ಮೇಲಿನ ಮತ್ತು ಕೆಳಗಿನ ಕೊಕ್ಕನ್ನು ಬಡಿದು ಟಕಟಕ ಸದ್ದು ಮಾಡಿ ಜೋಡಿಯನ್ನು ಸ್ವಾಗತಿಸುತ್ತದೆ. ಕೊಕ್ಕರೆಗಳ ಗೂಡುಗಳಿಂದ ಕೇಳುವ ಕೂಗು ಹೆಚ್ಚಾಗಿ ಮರಿಗಳದ್ದು.

ಸರದಿ ಮರಿಗಳು. ಬಣ್ಣದ ಕೊಕ್ಕರೆ 2ರಿಂದ 5 ಮೊಟ್ಟೆ ಇಡುತ್ತದೆ. ಎಲ್ಲ ಮೊಟ್ಟೆ ಇಟ್ಟು ಮುಗಿಯುವ ಮೊದಲೇ ಕಾವು ಆರಂಭವಾಗುವುದರಿಂದ ಮರಿಗಳು ಒಂದೇ ದಿನ ಹೊರಬರುವುದಿಲ್ಲ. ಮೊದಲು ಹುಟ್ಟಿದ ಮರಿ ದೊಡ್ಡದಿರುತ್ತದೆ, ಮೊದಲ ತುತ್ತನ್ನೂ ಕಸಿಯುತ್ತದೆ. ಮೀನು ಹೇರಳವಾಗಿದ್ದ ವರ್ಷ ಎಲ್ಲ ಮರಿಗಳೂ ಬದುಕುತ್ತವೆ. ಕೊರತೆಯಾದ ವರ್ಷ ಕಿರಿಯವು ಸಾಯುತ್ತವೆ, ಹಿರಿಯವು ಉಳಿಯುತ್ತವೆ. ಮಳೆ ನಂಬಲಾಗದ ಸೀಮೆಯಲ್ಲಿ ಈ ಕ್ರಮ ಗೂಡು ಪೂರ್ತಿ ಬರಿದಾಗದಂತೆ ನೋಡಿಕೊಳ್ಳುತ್ತದೆ.

ಬಿಸಿಲ ನಿರ್ವಹಣೆ. ಮರದ ನೆತ್ತಿಯ ಗೂಡಿಗೆ ನೆರಳಿಲ್ಲ. ಮಧ್ಯಾಹ್ನದ ಹೊತ್ತು ಬಣ್ಣದ ಕೊಕ್ಕರೆ ಸೂರ್ಯನಿಗೆ ಬೆನ್ನು ಕೊಟ್ಟು ನಿಂತು ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚುತ್ತದೆ. ರೆಕ್ಕೆಯ ನೆರಳು ಮರಿಗಳ ಮೇಲೆ ಬೀಳುತ್ತದೆ. ಸೂರ್ಯ ಸರಿದಂತೆ ಹಕ್ಕಿಯೂ ನಿಂತಲ್ಲೇ ತಿರುಗುತ್ತದೆ. ಇನ್ನೊಂದು ಹಕ್ಕಿ ಕೆರೆಯಿಂದ ಗಂಟಲಲ್ಲಿ ನೀರು ತುಂಬಿಕೊಂಡು ಬಂದು ಮರಿಗಳ ಮೈಮೇಲೂ ಬಾಯಿಗೂ ಸುರಿಯುತ್ತದೆ. ದೊಡ್ಡ ಹಕ್ಕಿಗಳು ತಮ್ಮ ಕಾಲಿನ ಮೇಲೆ ತೆಳು ಹಿಕ್ಕೆ ಹಾಕಿಕೊಳ್ಳುತ್ತವೆ. ಅದು ಆವಿಯಾಗುವಾಗ ಕಾಲಿನಲ್ಲಿ ಹರಿಯುವ ರಕ್ತ ತಂಪಾಗುತ್ತದೆ. ಕೊಕ್ಕರೆಗಳ ಕಾಲು ಕೆಲವೊಮ್ಮೆ ಸುಣ್ಣ ಬಳಿದಂತೆ ಕಾಣುವುದು ಇದರಿಂದ.

ಬಾಯ್ಕಳಕ ಕೊಕ್ಕರೆಯ ಮೇವು. ಈ ಹಕ್ಕಿಯ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿಯುತ್ತದೆ. ಎಳೆಯ ಹಕ್ಕಿಗೆ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಇದರ ಮುಖ್ಯ ಆಹಾರ ಕೆರೆ ಮತ್ತು ಗದ್ದೆಗಳ ದೊಡ್ಡ ನೀರುಬಸವನಹುಳು. ಹಕ್ಕಿ ಕೊಕ್ಕನ್ನು ನೀರಿನಲ್ಲೇ ಇಟ್ಟು ಹುಳುವನ್ನು ನೆಲಕ್ಕೆ ಒತ್ತಿಹಿಡಿಯುತ್ತದೆ. ಕೆಳಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಮುಚ್ಚಳದ ಅಡಿಗೆ ತೂರಿಸಿ, ಮಾಂಸ ಚಿಪ್ಪಿಗೆ ಅಂಟಿದ ಸ್ನಾಯುವನ್ನು ಕತ್ತರಿಸಿ, ತಿರುಳನ್ನು ಹೊರಗೆಳೆಯುತ್ತದೆ. ಚಿಪ್ಪು ಬಹುಮಟ್ಟಿಗೆ ಒಡೆಯದೆ ಹಾಗೇ ಉಳಿಯುತ್ತದೆ.

ಇತರ ಮೇವಿನ ಕ್ರಮಗಳು. ಬಣ್ಣದ ಕೊಕ್ಕರೆ ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತದೆ, ಕಾಲಿನಿಂದ ಕೆಸರು ಕದಡುತ್ತದೆ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶವೇ ಇದಕ್ಕೆ ಆಧಾರ. ಕರಿತಲೆ ಕೆಂಬರಲು ಬಾಗಿದ ಕೊಕ್ಕನ್ನು ಕೆಸರಿನೊಳಗೆ ಇಳಿಸಿ ಹುಳುಗಳನ್ನು ಹುಡುಕುತ್ತದೆ. ಹಾವಕ್ಕಿ ಮೈಯನ್ನು ಮುಳುಗಿಸಿ ಕತ್ತನ್ನಷ್ಟೇ ಮೇಲಿಟ್ಟು ಈಜುತ್ತದೆ, ಮುಳುಗಿ ಮೀನನ್ನು ಕೊಕ್ಕಿನಿಂದ ಚುಚ್ಚುತ್ತದೆ, ಮೇಲೆ ಬಂದು ಗಾಳಿಗೆ ಎಸೆದು ತಲೆಯ ಕಡೆಯಿಂದ ನುಂಗುತ್ತದೆ. ಅದರ ಗರಿ ನೀರು ಹೀರುವುದರಿಂದ ಮುಳುಗುವುದು ಸುಲಭ. ಮುಳುಗಿ ಬಂದ ಬಳಿಕ ರೆಕ್ಕೆ ಹರಡಿ ಒಣಗಿಸಿಕೊಳ್ಳಬೇಕು. ನೀರುಕಾಗೆಗಳು ಸಾಲುಗಟ್ಟಿ ಮೀನಿನ ಹಿಂಡನ್ನು ಒತ್ತರಿಸಿ ಹಿಡಿಯುತ್ತವೆ. ಗೋವಕ್ಕಿ ಮೇಯುವ ದನಗಳ ಮತ್ತು ಉಳುವ ನೇಗಿಲಿನ ಹಿಂದೆ ನಡೆದು ಎದ್ದ ಕೀಟಗಳನ್ನು ತಿನ್ನುತ್ತದೆ.

ಆತ್ಮರಕ್ಷಣೆ. ಅಪಾಯ ಕಂಡಾಗ ಬಣ್ಣದ ಕೊಕ್ಕರೆಯ ಮರಿ ತಿಂದದ್ದನ್ನು ಕಕ್ಕಿ ಗೂಡಿಗೆ ಒತ್ತಿಕೊಂಡು ಸತ್ತಂತೆ ಮಲಗುತ್ತದೆ. ಹಾರಲಾರದ ಮರಿ ನೀರಿಗೆ ಬೀಳದೆ ಉಳಿಯಲು ಈ ನಿಶ್ಚಲತೆ ನೆರವಾಗಬಹುದು. ದಿಬ್ಬಗಳ ಮೇಲೆ ಬರಿನೆಲದಲ್ಲಿ ಮೊಟ್ಟೆಯಿಡುವ ನದಿ ರೀವಗಳು ಇದಕ್ಕೆ ವಿರುದ್ಧವಾಗಿ ವರ್ತಿಸುತ್ತವೆ: ಒಳನುಗ್ಗಿದ ಪ್ರಾಣಿಯ ಮೇಲೆ ಗುಂಪಾಗಿ ಎರಗಿ ಕೂಗುತ್ತವೆ.

ಇರುಳ ಪಾಳಿ. ಸಂಜೆ ಬೆಳ್ಳಕ್ಕಿ, ಕೆಂಬರಲು ಮತ್ತು ನೀರುಕಾಗೆಗಳು ಮರದ್ವೀಪಗಳಿಗೆ ಮರಳುವ ಹೊತ್ತಿಗೆ ಇರುಳ ಬಕಗಳು ಮೇವಿಗೆ ಹೊರಡುತ್ತವೆ. ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಿನ ಬಳಿ ವಿಶ್ರಮಿಸಿ, ಹೆಚ್ಚಾಗಿ ಸಂಜೆಯಿಂದ ಬೆಳಗಿನವರೆಗೆ ಹೊಲಗಳಲ್ಲಿ ಮೇಯುತ್ತವೆ.

ದೂರದ ಉಷ್ಣವಲಯ ದ್ವೀಪಗಳೊಡನೆ ಹೋಲಿಕೆ

ಭೂಖಂಡದಿಂದ ಬಹುದೂರದ ದ್ವೀಪಗಳಲ್ಲಿ ಹಕ್ಕಿಗಳ ವರ್ತನೆ ಅಸಾಮಾನ್ಯ ರೂಪಗಳನ್ನು ತಾಳಿದೆ. ಗ್ಯಾಲಪಗೋಸ್ ದ್ವೀಪಗಳ ನೀರುಕಾಗೆ ಹಾರುವ ಶಕ್ತಿಯನ್ನು ಕಳೆದುಕೊಂಡಿದೆ. ಅಲ್ಲಿನ ಮರಕುಟಿಗ ಫಿಂಚ್ ಕಳ್ಳಿಯ ಮುಳ್ಳು ಹಿಡಿದು ತೊಗಟೆಯೊಳಗಿನ ಹುಳುವನ್ನು ಹೊರತೆಗೆಯುತ್ತದೆ. ವುಲ್ಫ್ ಮತ್ತು ಡಾರ್ವಿನ್ ದ್ವೀಪಗಳ ಇನ್ನೊಂದು ಫಿಂಚ್ ಬೂಬಿ ಎಂಬ ಕಡಲಹಕ್ಕಿಯ ಚರ್ಮ ಕುಕ್ಕಿ ರಕ್ತ ಕುಡಿಯುತ್ತದೆ. ಹಿಂದೂ ಮಹಾಸಾಗರದ ಆಲ್ಡಾಬ್ರಾ ದ್ವೀಪ ಸುಮಾರು 1,36,000 ವರ್ಷಗಳ ಹಿಂದೆ ಪೂರ್ತಿ ಮುಳುಗಿ, ಅಲ್ಲಿದ್ದ ಹಾರಲಾರದ ರೈಲ್ ಹಕ್ಕಿ ಅಳಿಯಿತು. ನೆಲ ಮತ್ತೆ ಮೇಲೆದ್ದ ಮೇಲೆ ಹಾರಿಬಂದ ಅದೇ ವಂಶದ ಹಕ್ಕಿಗಳು ಎರಡನೆಯ ಬಾರಿ ಹಾರಾಟವನ್ನು ಬಿಟ್ಟುಕೊಟ್ಟವು. ಮಾರಿಷಸ್ಸಿನ ಡೋಡೊ ಮನುಷ್ಯನನ್ನೂ ಅವನೊಡನೆ ಬಂದ ಪ್ರಾಣಿಗಳನ್ನೂ ಎದುರಿಸಲಾರದೆ 17ನೆಯ ಶತಮಾನದಲ್ಲಿ ಅಳಿಯಿತು.

ಅಂಕಸಮುದ್ರದಲ್ಲಿ ಈ ಬಗೆಯ ದೇಹ ಬದಲಾವಣೆ ನಡೆದಿಲ್ಲ. ಕಾರಣಗಳು ಎರಡು. ದೂರದ ದ್ವೀಪಗಳ ಹಕ್ಕಿಗಳು ಸಾವಿರಾರು ತಲೆಮಾರು ಹೊರಗಿನವರೊಡನೆ ಬೆರೆಯದೆ ಉಳಿದವು. ಅಂಕಸಮುದ್ರದ ಹಕ್ಕಿಗಳು ದಿನವೂ ಮೇವಿಗೆ ಹೊರಗೆ ಹಾರುತ್ತವೆ, ಗೂಡಿನ ಕಾಲ ಮುಗಿದ ಮೇಲೆ ಚದುರುತ್ತವೆ, ಬೇರೆ ನೆಲೆಗಳ ಹಕ್ಕಿಗಳೊಡನೆ ಕೂಡುತ್ತವೆ. ಎರಡನೆಯದಾಗಿ, ದೂರದ ದ್ವೀಪ ಸಾವಿರಾರು ವರ್ಷ ದ್ವೀಪವಾಗಿಯೇ ಉಳಿಯುತ್ತದೆ. ಮರದ್ವೀಪ ನೀರಿರುವ ತಿಂಗಳುಗಳಲ್ಲಿ ಮಾತ್ರ ದ್ವೀಪ.

ಸಾಮ್ಯ ಇರುವುದು ಗೂಡಿನ ಕ್ರಮದಲ್ಲಿ. ಲಕ್ಷದ್ವೀಪದ ಪಿಟ್ಟಿ ಎಂಬ ನಿರ್ಜನ ಮರಳುದಿಬ್ಬದಲ್ಲಿ ಕಡಲ ರೀವಗಳು ಬರಿನೆಲದ ಮೇಲೆ ಒತ್ತೊತ್ತಾಗಿ ಮೊಟ್ಟೆಯಿಡುತ್ತವೆ. ಅಂಕಸಮುದ್ರದಲ್ಲಿ ಕೊಕ್ಕರೆಗಳು ಮರದ ನೆತ್ತಿಯಲ್ಲಿ ಬಯಲಾಗಿ ಗೂಡಿಡುತ್ತವೆ. ಎರಡೂ ಕಡೆ ಬಚ್ಚಿಡುವ ಪ್ರಯತ್ನವಿಲ್ಲ. ನೆಲದ ಬೇಟೆಪ್ರಾಣಿ ತಲುಪಲಾರದು ಎಂಬ ಸ್ಥಿತಿಯೇ ಈ ಬಯಲು ಗೂಡುಗಳನ್ನು ಸಾಧ್ಯವಾಗಿಸಿದೆ. ಆ ಸ್ಥಿತಿ ತಪ್ಪಿದಾಗ ಆಗುವ ಹಾನಿಯೂ ಎರಡೂ ಕಡೆ ಒಂದೇ: ದೂರದ ದ್ವೀಪಕ್ಕೆ ಇಲಿ ಮತ್ತು ಬೆಕ್ಕು ಬಂದರೆ ಮೊಟ್ಟೆಮರಿಗಳಿಗೆ ಕುತ್ತು, ಕೆರೆ ಬತ್ತಿ ಮರದ ಬುಡಕ್ಕೆ ನಾಯಿ ಬಂದರೆ ಕೆಳಗೆ ಬಿದ್ದ ಮರಿಗಳಿಗೆ ಕುತ್ತು.

ಉಪಯೋಗ

ಹಕ್ಕಿಗಳ ಹಿಕ್ಕೆಯಿಂದ ಸಾರಜನಕ ಮತ್ತು ರಂಜಕ ಕೆರೆನೀರಿಗೆ ಸೇರುತ್ತವೆ. ಅದರಿಂದ ಸೂಕ್ಷ್ಮ ಜೀವಿಗಳು, ಅವುಗಳಿಂದ ಮೀನುಗಳು ಬೆಳೆಯುತ್ತವೆ. ಇಂಥ ಕೆರೆಯ ಹೂಳು ಮತ್ತು ನೀರು ಹೊಲಕ್ಕೆ ಪೋಷಕ. ಬಾಯ್ಕಳಕ ಕೊಕ್ಕರೆ ಭತ್ತದ ಗದ್ದೆಯ ಬಸವನಹುಳುಗಳನ್ನೂ ಗೋವಕ್ಕಿ ಮತ್ತು ಗುಲಾಬಿ ಕಬ್ಬಕ್ಕಿಗಳು ಮಿಡತೆಗಳನ್ನೂ ತಿನ್ನುತ್ತವೆ. ಗುಲಾಬಿ ಕಬ್ಬಕ್ಕಿ ಜೋಳದ ಕಾಳನ್ನೂ ತಿನ್ನುವುದರಿಂದ ರೈತನಿಗೆ ಲಾಭನಷ್ಟ ಎರಡೂ ಇವೆ. ಬಹುಪಾಲು ನೀರುಹಕ್ಕಿಗಳು ಆಹಾರ ಸರಣಿಯ ಮೇಲ್ತುದಿಯಲ್ಲಿರುವುದರಿಂದ ನೀರು ಕೆಟ್ಟರೆ ಅವುಗಳ ಗೂಡಿನ ಫಲದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಏರಿಯ ಮೇಲೆ ನಿಂತು ಗೂಡುನೆಲೆಯನ್ನು ನೋಡಲು ಸಾಧ್ಯವಿರುವುದು ಶಾಲಾ ಮಕ್ಕಳ ಪ್ರಕೃತಿ ಶಿಕ್ಷಣಕ್ಕೂ ಪಕ್ಷಿ ಗಣತಿಗೂ ಅನುಕೂಲ.

ಕಾನೂನು ಮತ್ತು ಆಡಳಿತ

ಸಂರಕ್ಷಣಾ ಮೀಸಲು ಎಂಬ ವರ್ಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಮಿನಲ್ಲಿದೆ. ಸರ್ಕಾರದ ಒಡೆತನದ ಭೂಮಿಯನ್ನು ಸ್ಥಳೀಯ ಜನರೊಡನೆ ಸಮಾಲೋಚಿಸಿ ಹೀಗೆ ಘೋಷಿಸಬಹುದು. 36ಬಿ ಕಲಮಿನಂತೆ ರಚನೆಯಾಗುವ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳ ತಲಾ ಒಬ್ಬರು ಇರುತ್ತಾರೆ. ನೀರಾವರಿ ಕೆರೆಯೂ ಆಗಿರುವ ತಾಣಕ್ಕೆ ಈ ವರ್ಗ ಹೊಂದುತ್ತದೆ.

ರಾಮ್ಸಾರ್ ಒಪ್ಪಂದ 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ರೂಪುಗೊಂಡಿತು. ಭಾರತ 1982ರಲ್ಲಿ ಸೇರಿತು. ನಿಯತವಾಗಿ 20,000 ಅಥವಾ ಹೆಚ್ಚು ನೀರುಹಕ್ಕಿಗಳಿಗೆ ಆಶ್ರಯ, ಒಂದು ಪ್ರಭೇದದ ಶೇಕಡಾ 1ರಷ್ಟು ಹಕ್ಕಿಗಳಿಗೆ ಆಶ್ರಯ ಎಂಬ ಎರಡು ಅಳತೆಗಳು ಪಟ್ಟಿಯ ಮಾನದಂಡಗಳಲ್ಲಿ ಸೇರಿವೆ. ಅಂಕಸಮುದ್ರ ಎರಡನ್ನೂ ದಾಟುತ್ತದೆ. ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ ಇದರೊಡನೆಯೇ ಪಟ್ಟಿಗೆ ಸೇರಿದವು. ಆಗ ಭಾರತದ ರಾಮ್ಸಾರ್ ತಾಣಗಳ ಸಂಖ್ಯೆ 80, ಕರ್ನಾಟಕದ್ದು 4 ಆಯಿತು.

ಇಂದಿನ ಸ್ಥಿತಿ

ಮರದ್ವೀಪದ ಮುಖ್ಯ ಸಮಸ್ಯೆ ನೀರಿನ ಮಟ್ಟ. ಬಣ್ಣದ ಕೊಕ್ಕರೆಗೆ ಕಾವಿಗೆ ಸುಮಾರು ಒಂದು ತಿಂಗಳು, ಮರಿ ಹಾರಲು ಸುಮಾರು ಎರಡು ತಿಂಗಳು ಬೇಕು. ಗೂಡು ಕಟ್ಟುವ ದಿನಗಳೂ ಸೇರಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಬುಡದಲ್ಲಿ ನೀರು ನಿಲ್ಲಬೇಕು. ಬರಗಾಲದಲ್ಲಿ ಅಷ್ಟು ದಿನ ನೀರು ಉಳಿಯುವುದು ಕಷ್ಟ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ನೀರು ವರ್ಷಪೂರ್ತಿ ಆಳವಾಗಿ ನಿಂತರೆ ಹಳೆಯ ಮರಗಳು ಕ್ರಮೇಣ ಒಣಗುತ್ತವೆ, ಹೊಸ ಸಸಿ ಬೇರೂರುವುದಿಲ್ಲ. ಗೂಡಿನ ಭಾರ ಮತ್ತು ಹಿಕ್ಕೆಯ ಸುಡುಗುಣವೂ ಕೊಂಬೆಗಳನ್ನು ಸವೆಸುತ್ತವೆ.

ಇಂಥ ಗೂಡುನೆಲೆಗಳಿಗೆ ಹೊರಗಿನಿಂದ ಬರುವ ಅಪಾಯಗಳು ಕೀಟನಾಶಕ ಬೆರೆತ ಹರಿವು, ಹಾರಾಟದ ದಾರಿಯ ವಿದ್ಯುತ್ ತಂತಿಗಳು, ನೈಲಾನ್ ಬಲೆಯ ಚೂರುಗಳು, ಬೀದಿನಾಯಿಗಳು, ಪಟಾಕಿ ಸದ್ದು ಮತ್ತು ಚಿತ್ರ ತೆಗೆಯಲು ಗೂಡಿನ ಹತ್ತಿರಕ್ಕೆ ಹೋಗುವುದು. ಗಾಬರಿಗೊಂಡ ಹಕ್ಕಿ ಗೂಡು ಬಿಟ್ಟೇಳುವ ಕೆಲವೇ ನಿಮಿಷಗಳಲ್ಲಿ ಕಾಗೆ ಮೊಟ್ಟೆ ಒಯ್ಯುತ್ತದೆ. ನಡುಹಗಲಾದರೆ ಮರಿಗಳು ಬಿಸಿಲಿಗೆ ಬಲಿಯಾಗುತ್ತವೆ.

ಸಂರಕ್ಷಣೆಗೆ ಅಗತ್ಯವಾದ ಕ್ರಮಗಳು ಈ ವರ್ತನೆಗಳಿಂದಲೇ ಹೊರಡುತ್ತವೆ. ಗೂಡಿನ ಕಾಲ ಮುಗಿಯುವವರೆಗೆ ಕೆರೆಯ ಕನಿಷ್ಠ ಮಟ್ಟವನ್ನು ಉಳಿಸಿ ತೂಬು ತೆರೆಯುವುದು, ನೀರು ಇಳಿದ ತಿಂಗಳುಗಳಲ್ಲಿ ಎತ್ತರಿಸಿದ ಮಣ್ಣಿನ ದಿಬ್ಬಗಳ ಮೇಲೆ ಹೊಸ ಕರಿಜಾಲಿ ಬೆಳೆಸುವುದು, ವೀಕ್ಷಣೆಯನ್ನು ಏರಿಗೆ ಸೀಮಿತಗೊಳಿಸುವುದು ಮತ್ತು ಮೇವಿನ ತಾಣಗಳಾದ ಹಿನ್ನೀರಿನ ಕೆಸರುಬಯಲುಗಳನ್ನು ಅತಿಕ್ರಮಣದಿಂದ ಕಾಯುವುದು ಇವುಗಳಲ್ಲಿ ಮುಖ್ಯ. ಮೊದಲ ಕ್ರಮ ಅಚ್ಚುಕಟ್ಟಿನ ರೈತರ ಒಪ್ಪಿಗೆಯಿಲ್ಲದೆ ನಡೆಯದು. ಅಂಕಸಮುದ್ರ ಮನುಷ್ಯ ಕಟ್ಟಿದ ಕೆರೆ, ಮನುಷ್ಯ ನೆಟ್ಟ ಮರ. ಅಲ್ಲಿನ ಹಕ್ಕಿಗಳ ಮುಂದಿನ ತಲೆಮಾರು ಬೆಳೆಯುವುದು ನೀರನ್ನು ಹಂಚಿಕೊಳ್ಳುವ ಊರಿನ ತೀರ್ಮಾನವನ್ನು ಅವಲಂಬಿಸಿದೆ.